ಎಕ್ಕದ ಎಲೆಯ ಅಡಿ: ಸಸ್ಯಜಾನಪದದ ಒಂದು ಮರೆವನ್ನು ಕುರಿತು

'ನಿನ್ನ ಮನೆ ಎಕ್ಕುಟ್ಟಿ ಹೋಗಲಿ' ಎಂಬುದು ಕನ್ನಡದ ಬೈಗುಳಗಳಲ್ಲಿ ಅತ್ಯಂತ ಕಠೋರವಾದವುಗಳಲ್ಲಿ ಒಂದು. ಬೈಯುವವರಿಗೂ ಬೈಸಿಕೊಳ್ಳುವವರಿಗೂ ಅದರೊಳಗೆ ಒಂದು ಗಿಡವಿದೆ ಎಂಬುದು ಈಗ ನೆನಪಿಗೆ ಬರುವುದು ಕಡಿಮೆ. ಎಕ್ಕ ಹುಟ್ಟುವುದು ಎಂದರೆ ಮನೆ ಬಿದ್ದು, ಒಲೆ ಆರಿ, ಹಿಡಿಮಣ್ಣಾದ ಗೋಡೆಯ ಮೇಲೆ ಎಕ್ಕದ ಗಿಡ ಬೆಳೆಯುವುದು. ಹೀಗೆ ಸರ್ವನಾಶದ ಸಂಕೇತವಾದ ಈ ಗಿಡದ ಎಲೆಯನ್ನೇ ರಥಸಪ್ತಮಿಯ ದಿನ ತಲೆಯ ಮೇಲಿಟ್ಟುಕೊಂಡು ಸ್ನಾನ ಮಾಡುತ್ತೇವೆ. ಇದರ ಹೂವನ್ನೇ ಪೋಣಿಸಿ ಗಣಪತಿಗೂ ಆಂಜನೇಯನಿಗೂ ಮಾಲೆ ಹಾಕುತ್ತೇವೆ. ಶಾಪ ಮತ್ತು ಪೂಜೆ ಎಂಬ ಈ ಎರಡು ನೆಲೆಗಳನ್ನು ನಮ್ಮ ಜಾನಪದ ಅಧ್ಯಯನಗಳು ಸಾಕಷ್ಟು ಗುರುತಿಸಿವೆ. ಆದರೆ ಈ ಎರಡರ ನಡುವೆ, ಎಕ್ಕದ ಎಲೆಯ ಅಡಿಯಲ್ಲಿ, ವರ್ಷವಿಡೀ ನಡೆಯುವ ಮೂರನೆಯ ವ್ಯವಹಾರವೊಂದಿದೆ. ಒಂದು ಜಾತಿಯ ಚಿಟ್ಟೆ ಅಲ್ಲಿ ಮೊಟ್ಟೆಯಿಟ್ಟು ತನ್ನ ಸಂತತಿಯನ್ನು ಬೆಳೆಸುತ್ತದೆ. ಇದನ್ನು ನಮ್ಮ ಸಸ್ಯಜಾನಪದ ಯಾಕೆ ಕಾಣಲಿಲ್ಲ ಎಂಬ ಪ್ರಶ್ನೆಯನ್ನು ಪ್ರಸ್ತುತ ಲೇಖನ ಎತ್ತಿಕೊಳ್ಳುತ್ತದೆ. ಈ ಪ್ರಶ್ನೆ ಮೊದಲು ನನ್ನ ಸ್ವಂತ ಕ್ಷೇತ್ರಕಾರ್ಯಕ್ಕೇ ಅನ್ವಯಿಸುತ್ತದೆ ಎಂಬುದನ್ನು ಆರಂಭದಲ್ಲಿಯೇ ಹೇಳಿಬಿಡುವುದು ಉಚಿತ.

1. ಬೈಗುಳದ ಬೇರು

ಬೈಗುಳವನ್ನು ಕೇವಲ ಭಾವಾವೇಶದ ಮಾತೆಂದು ಬಗೆದರೆ ಅದರೊಳಗಿನ ತಿಳಿವಳಿಕೆ ಕೈತಪ್ಪುತ್ತದೆ. ಪಾಳುಬಿದ್ದ ಮನೆಯ ಮೇಲೆ ಆಲವೋ ಅರಳಿಯೋ ಹುಟ್ಟುವುದೂ ಉಂಟು. ಆದರೂ ಬೈಗುಳ ಎಕ್ಕವನ್ನೇ ಆರಿಸಿಕೊಂಡಿದೆ. ಅದಕ್ಕೆ ಕಾರಣ ಆ ಗಿಡದ ಸ್ವಭಾವದಲ್ಲಿಯೇ ಇದೆ. ಎಕ್ಕದ ಕಾಯಿ ಬಲಿತು ಒಡೆದಾಗ ರೇಷ್ಮೆಯಂಥ ಹತ್ತಿಯನ್ನು ಹೊತ್ತ ಬೀಜಗಳು ಗಾಳಿಯಲ್ಲಿ ತೇಲಿ ದೂರ ಹೋಗುತ್ತವೆ. ಉಳುಮೆ ಇಲ್ಲದ, ನೆರಳಿಲ್ಲದ, ನೀರು ನಿಲ್ಲದ, ಒಮ್ಮೆ ಕೆದರಿ ಬಿಟ್ಟ ಮಣ್ಣು ಸಿಕ್ಕಿದರೆ ಅಲ್ಲಿ ಬೇರೂರುತ್ತವೆ. ಕುಸಿದ ಮಣ್ಣುಗೋಡೆ ಇದಕ್ಕೆ ಹೇಳಿ ಮಾಡಿಸಿದ ನೆಲ. ನಿತ್ಯ ಗುಡಿಸಿ ಸಾರಿಸುವ ಅಂಗಳದಲ್ಲಿ ಅದು ಮೊಳೆತರೂ ಉಳಿಯದು. ಗುಡಿಸುವವರು ಇಲ್ಲದಾದಾಗ ಮಾತ್ರ ಉಳಿಯುತ್ತದೆ. ಆದ್ದರಿಂದ 'ಎಕ್ಕ ಹುಟ್ಟಲಿ' ಎಂಬ ಶಾಪದ ಹಿಂದೆ ಗಿಡದ ನಡೆಯನ್ನು ಬಹುಕಾಲ ಕಂಡ ಕಣ್ಣುಗಳಿವೆ. ಮನುಷ್ಯ ಬಿಟ್ಟುಹೋದ ಜಾಗದ ಕುರುಹಾಗಿ ಜನಪದರು ಈ ಗಿಡವನ್ನು ಓದಿದ್ದಾರೆ.

'ಆಡು ಮುಟ್ಟದ ಸೊಪ್ಪಿಲ್ಲ' ಎಂಬ ಗಾದೆಗೆ ಅಪವಾದಗಳನ್ನು ಹುಡುಕುವವರು ಸಾಮಾನ್ಯವಾಗಿ ಮೊದಲು ತೋರಿಸುವುದೂ ಎಕ್ಕವನ್ನೇ. ಬೇರೆ ಮೇವಿರುವಾಗ ದನಕರು, ಆಡುಕುರಿ ಇದರ ಹಸಿ ಸೊಪ್ಪಿಗೆ ಬಾಯಿ ಹಾಕುವುದಿಲ್ಲ. ಗೋಮಾಳದಲ್ಲಿ ಮಿಕ್ಕೆಲ್ಲ ಗಿಡಗಳು ಬೋಳಾದಾಗಲೂ ಎಕ್ಕ ಮಾತ್ರ ಬೂದುಹಸಿರಿನ ದಪ್ಪ ಎಲೆ ಹೊತ್ತು ನಿಂತಿರುವುದು ಇದರಿಂದಾಗಿ. ಕಂದಾಯದ ಕಡತದಲ್ಲಿ 'ಖರಾಬು' ಎಂದು ದಾಖಲಾದ ನೆಲಕ್ಕೂ ಬೈಗುಳದ ಪಾಳಿಗೂ ಎಕ್ಕ ಹೀಗೆ ಒಂದೇ ಗುರುತಾಗುತ್ತದೆ. ಎರಡೂ ಕಡೆ ತೀರ್ಪು ಒಂದೇ: ಇಲ್ಲಿ ಯಾರೂ ಬದುಕುತ್ತಿಲ್ಲ. ಈ ತೀರ್ಪಿನಲ್ಲಿ 'ಯಾರೂ' ಎಂಬ ಪದದ ವ್ಯಾಪ್ತಿಯನ್ನು ನಾವು ಪರಿಶೀಲಿಸಲಿಲ್ಲ.

2. ಪೂಜೆಯ ಎರಡು ಮುಖ

ಸಂಸ್ಕೃತದಲ್ಲಿ 'ಅರ್ಕ' ಎಂದರೆ ಸೂರ್ಯನೂ ಹೌದು, ಈ ಗಿಡವೂ ಹೌದು. ಮಾಘ ಶುದ್ಧ ಸಪ್ತಮಿಯಂದು ತಲೆ, ಭುಜ, ಮಂಡಿ, ಪಾದಗಳ ಮೇಲೆ 7 ಎಕ್ಕದ ಎಲೆಗಳನ್ನಿಟ್ಟು ನೀರೆರೆದುಕೊಳ್ಳುವ ಆಚರಣೆ ಸೂರ್ಯನ ಏಳು ಕುದುರೆಗಳಿಗೆ ಹೊಂದಿಕೊಂಡಿದೆ. ಮೂರನೆಯ ಮದುವೆ ಅಶುಭವೆಂಬ ನಂಬಿಕೆಯಿಂದ ವರನಿಗೆ ಮೊದಲು ಎಕ್ಕದ ಗಿಡದೊಂದಿಗೆ ಮದುವೆ ಮಾಡಿ, ಮುಂದೆ ಬರುವ ಹೆಣ್ಣನ್ನು ನಾಲ್ಕನೆಯವಳೆಂದು ಎಣಿಸುವ ಅರ್ಕವಿವಾಹವೂ ಪ್ರಸಿದ್ಧವಾದುದೇ. ಇಲ್ಲಿ ಕೆಡುಕನ್ನು ತನ್ನ ಮೇಲೆ ಹಾಕಿಕೊಳ್ಳುವ ಬದಲಿ ವಧುವಿನ ಸ್ಥಾನ ಗಿಡಕ್ಕೆ ದೊರೆಯುತ್ತದೆ.

ನೆರೆಯ ತಮಿಳಿನಲ್ಲಿ ಇದೇ ಗಿಡ 'ಎರುಕ್ಕು'. ಪುರನಾನೂರಿನಲ್ಲಿ ಕಪಿಲರು ಪಾರಿಯ ಕೊಡುಗೈಯನ್ನು ಹೊಗಳುವಾಗ, ಎರುಕ್ಕಿನ ಹೂವನ್ನು ಅರ್ಪಿಸಿದರೂ ದೇವರು ಬೇಡವೆನ್ನುವುದಿಲ್ಲ ಎಂಬ ಅರ್ಥದ ಹೋಲಿಕೆಯನ್ನು ತರುತ್ತಾರೆ. ಹೂಗಳ ಸಾಲಿನಲ್ಲಿ ಕಡೆಯದು, ಆದರೂ ದೇವರಿಗೆ ಸಲ್ಲುವುದು ಎಂಬ ಈ ಅಂಚಿನ ಸ್ಥಾನ ಬಹಳ ಹಳೆಯದೆಂಬುದಕ್ಕೆ ಇದು ಸಾಕ್ಷಿ. ಮಹಾಭಾರತದ ಆದಿಪರ್ವದಲ್ಲಿ ಬರುವ ಉಪಮನ್ಯುವಿನ ಕಥೆಯೂ ಇಲ್ಲಿ ನೆನಪಾಗಬೇಕು. ಗುರುವಿನ ಕಟ್ಟಳೆಯಿಂದ ಉಣ್ಣಲು ಏನೂ ಉಳಿಯದೆ ಹಸಿದ ಶಿಷ್ಯ ಎಕ್ಕದ ಎಲೆಯನ್ನು ತಿಂದು ಕುರುಡನಾಗಿ ಬಾವಿಗೆ ಬೀಳುತ್ತಾನೆ. ಅಶ್ವಿನಿದೇವತೆಗಳು ಅವನಿಗೆ ಕಣ್ಣು ಕೊಡುತ್ತಾರೆ. ಎಕ್ಕದ ಹಾಲು ಕಣ್ಣಿಗೆ ಅಪಾಯಕಾರಿ ಎಂಬುದು ಇಂದಿಗೂ ಹಳ್ಳಿಯ ತಾಯಂದಿರು ಮಕ್ಕಳಿಗೆ ಹೇಳುವ ಎಚ್ಚರಿಕೆ. ವಿಷವನ್ನು ಅರಿತೇ ಪೂಜಿಸಿದ ಪರಂಪರೆ ಇದು.

ಪೂಜೆಗೆ ಇನ್ನೊಂದು ಮುಖವೂ ಇದೆ. ಬಿಳಿ ಎಕ್ಕದ ಬೇರಿನಲ್ಲಿ ಗಣಪತಿ ನೆಲೆಸಿದ್ದಾನೆಂಬ ನಂಬಿಕೆಯಿಂದ ಬೇರನ್ನು ಅಗೆದು ತೆಗೆದು ಮೂರ್ತಿ ಮಾಡಿ ಮಾರುವುದು ನಡೆದಿದೆ. ನೀಲಿ ಛಾಯೆಯ ಸಾಮಾನ್ಯ ಎಕ್ಕವನ್ನು ಯಾರೂ ಮುಟ್ಟುವುದಿಲ್ಲ. ಪವಿತ್ರವೆನಿಸಿಕೊಂಡ ಬಿಳಿ ಎಕ್ಕವನ್ನು ಬುಡಸಮೇತ ಕೀಳುತ್ತಾರೆ. ಶಾಪಕ್ಕೆ ಗುರಿಯಾದ ಗಿಡ ಉಳಿದು, ಭಕ್ತಿಗೆ ಗುರಿಯಾದ ಗಿಡ ಬೇರು ಕಳೆದುಕೊಳ್ಳುವ ಈ ವಿಪರ್ಯಾಸವನ್ನು, 'ಜನಪದರು ಪ್ರಕೃತಿಯನ್ನು ಪೂಜಿಸಿ ಉಳಿಸಿದರು' ಎಂದು ಸಾರಾಸಗಟಾಗಿ ಬರೆಯುವ ನಾವು ಎದುರಿಸಲೇಬೇಕು.

3. ಎಲೆಯ ಅಡಿಯಲ್ಲಿ ನಡೆಯುವುದು

ಈಗ ಗಿಡದ ಬಳಿಗೇ ಹೋಗೋಣ. ಸಸ್ಯವಿಜ್ಞಾನಿಗಳು ಕ್ಯಾಲೊಟ್ರೊಪಿಸ್ ಜೈಜಾಂಟಿಯ ಎಂದು ಕರೆಯುವ ಎಕ್ಕ ನಮ್ಮ ನೆಲದ್ದೇ ಗಿಡ. ಅದರ ಎಲೆ, ಕಾಂಡಗಳ ಹಾಲಿನಲ್ಲಿ ಹೃದಯದ ಬಡಿತವನ್ನೇ ಏರುಪೇರು ಮಾಡಬಲ್ಲ ವಿಷವಸ್ತುಗಳಿವೆ. ಡನಾಸ್ ಕ್ರಿಸಿಪಸ್ ಎಂಬ ಚಿಟ್ಟೆ, ಅಂದರೆ ಚಿಟ್ಟೆಪ್ರಿಯರ ಮಾತಿನಲ್ಲಿ ಪ್ಲೇನ್ ಟೈಗರ್, ಈ ಗಿಡದ ಮೇಲೆಯೇ ಮೊಟ್ಟೆಯಿಡುತ್ತದೆ. ಇದೇ ಬಳಗದ ಕೆಲವು ಬೇರೆ ಹಾಲುಗಿಡಗಳೂ ಅದಕ್ಕೆ ಒಗ್ಗುತ್ತವೆ. ಕಿತ್ತಳೆಗಂದು ರೆಕ್ಕೆ, ಮುಂರೆಕ್ಕೆಯ ತುದಿಯಲ್ಲಿ ಕಪ್ಪು, ಆ ಕಪ್ಪಿನ ನಡುವೆ ಬಿಳಿಯ ಪಟ್ಟೆ: ಇದನ್ನು ನೋಡದ ಕನ್ನಡಿಗರು ವಿರಳ. 1758ರಲ್ಲಿ ಲಿನೇಯಸ್ ಇದಕ್ಕೆ ವೈಜ್ಞಾನಿಕ ಹೆಸರಿಟ್ಟ.

ತಾಯಿಚಿಟ್ಟೆ ಎಲೆಗೆ ಒಂದರಂತೆ, ಹೆಚ್ಚಾಗಿ ಎಲೆಯ ಅಡಿಯಲ್ಲಿ, ಮೊಟ್ಟೆ ಅಂಟಿಸುತ್ತದೆ. ಹೊರಬಂದ ಮರಿಹುಳುವಿನ ಮೈಮೇಲೆ ಕಪ್ಪು, ಬಿಳಿ, ಹಳದಿ ಪಟ್ಟೆಗಳು. ಬೆನ್ನ ಮೇಲೆ ಕೊಂಬಿನಂಥ ಮೂರು ಜೊತೆ ಕಪ್ಪು ಎಳೆಗಳು. ಈ ಬಳಗದ ಮರಿಹುಳುಗಳಿಗೆ ಒಂದು ಜಾಣ್ಮೆಯಿದೆ: ಎಲೆಯ ನರವನ್ನು ಮೊದಲು ಕಡಿದು, ಹಾಲು ಹರಿದುಹೋಗುವಂತೆ ಮಾಡಿ, ಅನಂತರ ಅದರಾಚೆಯ ಭಾಗವನ್ನು ತಿನ್ನುತ್ತವೆ. ಉಪಮನ್ಯುವಿಗೆ ಕಣ್ಣು ಕಳೆದ ಎಲೆ ಈ ಹುಳುವಿಗೆ ಹೊಟ್ಟೆ ತುಂಬಾ ಊಟ. ಬೆಳೆದ ಹುಳು ತಲೆಕೆಳಗಾಗಿ ತೂಗಿ, ತಿಳಿಹಸಿರು ಇಲ್ಲವೆ ನಸುಗೆಂಪು ಬಣ್ಣದ, ಚಿನ್ನದ ಚುಕ್ಕೆಗಳುಳ್ಳ ಕೋಶವಾಗುತ್ತದೆ. ಮೊಟ್ಟೆಯಿಂದ ರೆಕ್ಕೆಯವರೆಗಿನ ಪಯಣಕ್ಕೆ ಸುಮಾರು 3-4 ವಾರ ಸಾಕು.

ಎಲೆಯ ವಿಷವನ್ನು ಹುಳು ಮೈಗೂಡಿಸಿಕೊಳ್ಳಬಲ್ಲದು. ಎಷ್ಟೆಂಬುದು ತಿಂದ ಗಿಡವನ್ನು ಅವಲಂಬಿಸಿ ಬದಲಾಗುತ್ತದೆ. ಗಂಡುಚಿಟ್ಟೆಗಳು ಒಣಗಿದ ಗಿಲಿಗಿಲಿ ಗಿಡಗಳಿಂದಲೂ ಕಹಿ ರಸಾಯನವನ್ನು ಹೀರುತ್ತವೆ. ಹೀಗಾಗಿ ಹಕ್ಕಿಗಳು ಈ ಚಿಟ್ಟೆಯ ಗೊಡವೆಗೆ ಹೋಗುವುದು ಕಡಿಮೆ; ಅದು ಅವಸರವಿಲ್ಲದೆ, ನೆಲದ ಸಮೀಪ, ಧಾರಾಳವಾಗಿ ಹಾರುತ್ತದೆ. ಈ ಮರ್ಯಾದೆಯನ್ನು ಕಂಡು ಬೇರೊಂದು ಕುಲದ ಚಿಟ್ಟೆ ವೇಷ ಕಟ್ಟಿದೆ. ಹೈಪೊಲಿಮ್ನಾಸ್ ಮಿಸಿಪ್ಪಸ್ ಎಂಬ ಆ ಚಿಟ್ಟೆಯ ಮರಿಹುಳು ತಿನ್ನುವುದು ನಾವು ಸಾರು ಮಾಡುವ ಗೋಣಿಸೊಪ್ಪನ್ನು. ಆದರೆ ಅದರ ಹೆಣ್ಣು ತೊಡುವುದು ಎಕ್ಕದ ಚಿಟ್ಟೆಯ ಬಣ್ಣವನ್ನು. ಜಾನಪದದ ವಿದ್ಯಾರ್ಥಿಗೆ ಇದು ಹಗಲುವೇಷದ ನೆನಪು ತರದಿರದು.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಎಕ್ಕದ ಹೂವಿನ ಪರಾಗಸ್ಪರ್ಶಕ್ಕೆ ಮುಖ್ಯವಾಗಿ ನೆರವಾಗುವುದು ಮರ ಕೊರೆದು ಗೂಡು ಮಾಡುವ ದೊಡ್ಡ ಕಪ್ಪು ದುಂಬಿ. ಚಿಟ್ಟೆಗೂ ಎಕ್ಕಕ್ಕೂ ಇರುವ ಗಾಢ ನಂಟು ಹೂವಿನದಲ್ಲ, ಎಲೆಯದು. ಮಕರಂದಕ್ಕಾಗಿ ಚಿಟ್ಟೆ ಹತ್ತು ಹೂವುಗಳಿಗೆ ಹೋಗಬಹುದು. ಅಮೆರಿಕ ಖಂಡದಿಂದ ಬಂದು ನಮ್ಮ ಕಾಡುಗಳನ್ನು ಆವರಿಸಿರುವ ಲಂಟಾನದ ಹೂವಿಗೂ ಹೋಗುತ್ತದೆ. ಆದರೆ ಲಂಟಾನದ ಎಲೆಯ ಮೇಲೆ ಅದರ ಮರಿ ಬದುಕದು. ಸತ್ಕಾರ ಎಲ್ಲಿಯಾದರೂ ಸಿಗಬಹುದು, ಬಾಣಂತನಕ್ಕೆ ತವರೇ ಬೇಕು.

4. ಕಾವ್ಯದ ಚಿಟ್ಟೆ, ಭಾಷೆಯ ಹುಳು

ಹೂವು ಮತ್ತು ಚಿಟ್ಟೆ ಎಂಬ ಜೋಡಿ ನಮ್ಮ ಸಾಹಿತ್ಯಾಭಿರುಚಿಯಲ್ಲಿ ಎಷ್ಟು ಗಟ್ಟಿಯಾಗಿದೆಯೆಂದರೆ ಎಲೆ ಮತ್ತು ಚಿಟ್ಟೆ ಎಂಬ ಜೋಡಿ ನಮಗೆ ಹೊಳೆಯುವುದೇ ಇಲ್ಲ. ಬೇಂದ್ರೆಯವರ 'ಪಾತರಗಿತ್ತಿ ಪಕ್ಕ'ದಲ್ಲಿ ರೆಕ್ಕೆಯ ಬಣ್ಣವೂ ಹಾರಾಟದ ಚಂಚಲತೆಯೂ ಉತ್ತರ ಕರ್ನಾಟಕದ ಆಡುಮಾತಿನ ಲಯದಲ್ಲಿ ಅದ್ಭುತವಾಗಿ ಮೈಪಡೆದಿವೆ. ಕವಿ ಕಂಡದ್ದನ್ನು ಕವಿ ಹಾಡಿದರು; ಕೊರತೆ ಇರುವುದು ಅಲ್ಲಿಯೇ ನಿಂತುಬಿಟ್ಟ ನಮ್ಮ ನೋಟದಲ್ಲಿ. 'ಪಾತರಗಿತ್ತಿ' ಎಂಬ ಪದವೇ ಕುಣಿಯುವವಳನ್ನು ನೆನಪಿಸುತ್ತದೆ. ಅದು ಪ್ರಾಯದ ಹೆಸರು. ಅದೇ ಜೀವದ ಬಾಲ್ಯಕ್ಕೆ ನಾವು ಕೊಟ್ಟಿರುವ ಹೆಸರು 'ಹುಳ', ಹೆಚ್ಚೆಂದರೆ 'ಕಂಬಳಿಹುಳ'. ಎಕ್ಕದ ಮರಿಹುಳುವಿನ ಮೈಮೇಲೆ ಕಂಬಳಿಯಂಥ ರೋಮವೇ ಇಲ್ಲ, ಮುಟ್ಟಿದರೆ ತುರಿಸುವುದೂ ಇಲ್ಲ. ಆದರೂ ಒಂದೇ ಪದದೊಳಗೆ ಸೇರಿ ಅದು ಹೊಸಕುವ ಕಾಲಿಗೆ ಸಿಗುತ್ತದೆ. ಚಿಟ್ಟೆಯನ್ನು ಮುದ್ದಿಸುವ ಭಾಷೆ ಚಿಟ್ಟೆಯ ಮಗುವನ್ನು ಅನ್ಯಜೀವಿಯೆಂದು ಬಗೆದಿದೆ.

ಈ ಬಿರುಕನ್ನು ದಾಟಲು ಕನ್ನಡದಲ್ಲಿ ಪ್ರಯತ್ನಗಳು ನಡೆದೇ ಇಲ್ಲವೆಂದಲ್ಲ. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' (1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕೃತಿ) ಸಸ್ಯಶಾಸ್ತ್ರ, ಕಾವ್ಯ, ಜನರ ಮಾತು ಮೂರನ್ನೂ ಒಂದೇ ನಡಿಗೆಯಲ್ಲಿ ಕೂಡಿಸಿತು. ತೇಜಸ್ವಿಯವರ 'ಕರ್ವಾಲೊ' (1980) ಹಾರುವ ಓತಿಯ ಹುಡುಕಾಟದಲ್ಲಿ ವಿಜ್ಞಾನಿಯನ್ನು ಹಳ್ಳಿಯ ಮಂದಣ್ಣನ ಕಣ್ಣಿಗೆ ಋಣಿಯಾಗಿಸಿತು. ಆ ಕಾದಂಬರಿಯ ಬಗ್ಗೆ ನಾವು ಬರೆದ ವಿಮರ್ಶೆ ಸಾಕಷ್ಟಿದೆ. ಆದರೆ ಅದರಿಂದ ಜಾನಪದ ಸಂಶೋಧನೆ ಒಂದು ವಿಧಾನವನ್ನು ಕಲಿಯಬಹುದಿತ್ತು ಎಂಬ ಕಡೆಗೆ ನಮ್ಮ ಗಮನ ಹರಿದದ್ದು ಕಡಿಮೆ.

5. ನಮ್ಮ ಮಾಹಿತಿಪಟ್ಟಿಯ ಕಾಲಂಗಳು

2004ರ ಸುಮಾರಿಗೆ ನಾನು ಚಿತ್ರದುರ್ಗ ಜಿಲ್ಲೆಯ ಬಯಲುಸೀಮೆಯ ಹಳ್ಳಿಗಳಲ್ಲಿ ಪಿಎಚ್.ಡಿ. ಅಧ್ಯಯನಕ್ಕಾಗಿ ಅಲೆಯುತ್ತಿದ್ದಾಗ ನನ್ನ ಬಳಿ ಅಚ್ಚುಕಟ್ಟಾದ ಮಾಹಿತಿಪಟ್ಟಿಯೊಂದಿತ್ತು. ಗಿಡದ ಹೆಸರು, ಔಷಧೀಯ ಉಪಯೋಗ, ಆಚರಣೆ, ನಂಬಿಕೆ, ನಿಷೇಧ, ಗಾದೆ-ಒಗಟು ಎಂದು ಅದರಲ್ಲಿ ಆರು ಕಾಲಂಗಳು. ಎಕ್ಕದ ಎದುರಿಗೆ ಆರೂ ಕಾಲಂಗಳು ತುಂಬಿದ್ದವು. ಕಾಲಿಗೆ ಚುಚ್ಚಿದ ಮುಳ್ಳು ತೆಗೆಯಲು ಅದರ ಹಾಲು, ಊತಕ್ಕೆ ಬಿಸಿ ಮಾಡಿದ ಎಲೆ, ಗದ್ದೆಗೆ ಹಸಿರು ಗೊಬ್ಬರವಾಗಿ ಸೊಪ್ಪು, ಹಗ್ಗಕ್ಕೆ ನಾರು, ದಿಂಬಿಗೆ ಹತ್ತಿ, ದೇವರಿಗೆ ಹೂವು. ನನ್ನ ಮಟ್ಟಿಗೆ ಗಿಡ ಮುಗಿದಿತ್ತು.

ಅಂದು ಒಬ್ಬ ನಾಟಿ ವೈದ್ಯರೊಂದಿಗೆ ಮಾತು ಮುಗಿಸಿ ಬರುತ್ತಿರುವಾಗ ಕುರಿ ಕಾಯುವ ಹುಡುಗನೊಬ್ಬ ಎಕ್ಕದ ಎಲೆಯನ್ನು ಮಗುಚಿ ಹಿಡಿದು, 'ನೋಡಿ ಸಾ, ಅಕ್ಕನ್ ಕಿವಿಯೋಲೆ ಇದ್ದಂಗೈತೆ' ಎಂದ. ಎಲೆಯ ಅಡಿಯಲ್ಲಿ ಹಸಿರು ಕೋಶವೊಂದು ಚಿನ್ನದ ಚುಕ್ಕೆಗಳೊಂದಿಗೆ ತೂಗುತ್ತಿತ್ತು. ಅದು ಒಡೆದು ಏನಾಗುತ್ತದೆಂಬುದನ್ನೂ, ಎಷ್ಟು ದಿನಕ್ಕೆ ಒಡೆಯುತ್ತದೆಂಬುದನ್ನೂ ಅವನು ಹೇಳಿದ. ನಾನು ನೋಡಿ ಮೆಚ್ಚಿ ಮುಂದೆ ನಡೆದೆ. ಅಂದಿನ ಟಿಪ್ಪಣಿಪುಸ್ತಕವನ್ನು ಈಚೆಗೆ ತೆರೆದಾಗ ವೈದ್ಯರ ಮಾತುಗಳು ನಾಲ್ಕು ಪುಟ ಇವೆ. ಹುಡುಗನ ಒಂದು ಮಾತೂ ಇಲ್ಲ. ಅದನ್ನು ಬರೆಯಲು ನನ್ನ ಪಟ್ಟಿಯಲ್ಲಿ ಕಾಲಂ ಇರಲಿಲ್ಲ.

ಈ ಪ್ರಸಂಗವನ್ನು ವೈಯಕ್ತಿಕ ಪಶ್ಚಾತ್ತಾಪಕ್ಕೆ ಸೀಮಿತಗೊಳಿಸಬೇಕಾಗಿಲ್ಲ. ಅದರಲ್ಲಿ ನಮ್ಮ ಅಧ್ಯಯನ ಶಿಸ್ತಿನ ಎರಡು ಮಿತಿಗಳು ಕಾಣುತ್ತವೆ. ಮೊದಲನೆಯದು, ಗಿಡವನ್ನು ಮನುಷ್ಯನ ಉಪಯೋಗದ ಮೂಲಕವೇ ವರ್ಗೀಕರಿಸುವ ಅಭ್ಯಾಸ. 'ಸಸ್ಯಜಾನಪದ' ಎಂಬ ಹೆಸರಿನಲ್ಲಿ ನಾವು ಸಂಗ್ರಹಿಸಿದ್ದು ಬಹುಪಾಲು ಮನುಷ್ಯನ ಬಗ್ಗೆ. ಸಸ್ಯ ಅಲ್ಲಿ ನೆಪ. ಎರಡನೆಯದು, ಯಾರನ್ನು ವಕ್ತೃವೆಂದು ಒಪ್ಪುತ್ತೇವೆ ಎಂಬುದು. ವಯಸ್ಸಾದ, ಹೆಸರು ಮಾಡಿದ, ಹೆಚ್ಚಾಗಿ ಗಂಡಸರಾದ ವೈದ್ಯರು ಮತ್ತು ಪೂಜಾರಿಗಳು ನಮ್ಮ ಮೂಲಗಳಾದರು. ದಿನವಿಡೀ ಪಾಳುಭೂಮಿಯಲ್ಲಿ ಕಳೆಯುವ ಕುರಿಗಾಹಿ ಮಕ್ಕಳು, ಸೊಪ್ಪು ಕೊಯ್ಯುವ ಹೆಂಗಸರು ತಿಳಿದದ್ದು 'ಮಾಹಿತಿ' ಎನಿಸಿಕೊಳ್ಳಲಿಲ್ಲ. ಎಕ್ಕದ ಮೊಗ್ಗನ್ನು ಒತ್ತಿ ಪಟ್ಟೆನ್ನಿಸುವ ಮಕ್ಕಳ ಆಟವನ್ನು ದಾಖಲಿಸಿದ ನಾವು, ಅದೇ ಮಕ್ಕಳು ಆಟದ ನಡುವೆ ಏನು ನೋಡಿದರೆಂದು ಕೇಳಲಿಲ್ಲ.

6. ಎರಡು ಅತಿರೇಕಗಳು

ಹೀಗೆಂದಾಕ್ಷಣ ಎದುರಾಗುವ ಒಂದು ಆಮಿಷವನ್ನು ತಡೆಯಬೇಕು. ಎಕ್ಕದೊಳಗಿನ ವಿಷ, ಆ ವಿಷವನ್ನೇ ರಕ್ಷೆಯಾಗಿಸಿಕೊಂಡ ಚಿಟ್ಟೆ, ಕೆಡುಕನ್ನು ಹೀರಿಕೊಳ್ಳುವ ಬದಲಿ ವಧುವಾಗಿ ಎಕ್ಕ: ಇವನ್ನು ಒಂದು ದಾರದಲ್ಲಿ ಪೋಣಿಸಿ, 'ನಮ್ಮ ಹಿರಿಯರಿಗೆ ಇದೆಲ್ಲ ಗೊತ್ತಿತ್ತು, ಆದ್ದರಿಂದಲೇ ಅರ್ಕವಿವಾಹ ಮಾಡಿದರು' ಎಂದು ಬರೆಯುವುದು ಸುಲಭ. ಅದಕ್ಕೆ ಆಧಾರವಿಲ್ಲ. ಅರ್ಕವಿವಾಹದ ತರ್ಕ ಮದುವೆಯ ಎಣಿಕೆಯದೇ ಹೊರತು ಚಿಟ್ಟೆಯದಲ್ಲ. ರಥಸಪ್ತಮಿಗೆ ಎಲೆ ತರಲು ಕಳಿಸುವಾಗ ನಮ್ಮ ಮನೆಯಲ್ಲಿ, 'ಹುಳ ತಿಂದ ಎಲೆ ಬೇಡ, ತೂತಿಲ್ಲದ್ದು ನೋಡಿ ತಾ' ಎಂದು ತಾಯಿ ಹೇಳುತ್ತಿದ್ದರು. ಆ ಮಾತಿನ ಫಲವಾಗಿ ಮರಿಹುಳುವಿದ್ದ ಎಲೆ ಗಿಡದಲ್ಲಿಯೇ ಉಳಿಯುತ್ತಿತ್ತು. ಇದು ಆಚರಣೆಯ ಪರಿಣಾಮ, ಉದ್ದೇಶವಲ್ಲ. ಪರಿಣಾಮವನ್ನು ಉದ್ದೇಶವೆಂದು ಬಿಂಬಿಸುವುದು ಜನಪದರಿಗೆ ತೋರುವ ಗೌರವವಲ್ಲ. ಅವರು ನಿಜವಾಗಿ ಕಂಡದ್ದೇನೆಂದು ಹುಡುಕುವ ಶ್ರಮದಿಂದ ತಪ್ಪಿಸಿಕೊಳ್ಳುವ ದಾರಿ. ಎಕ್ಕುಟ್ಟುವ ಮನೆಯ ಬೈಗುಳದಲ್ಲಿ ನಿಜವಾದ ವೀಕ್ಷಣೆಯಿದೆ. ಕುರಿಗಾಹಿ ಹುಡುಗನ ಉಪಮೆಯಲ್ಲಿಯೂ ಇದೆ. ಇಲ್ಲದ ಜ್ಞಾನವನ್ನು ಆರೋಪಿಸುವ ಉತ್ಸಾಹದಲ್ಲಿ ಇರುವ ಜ್ಞಾನವನ್ನು ಕಳೆದುಕೊಳ್ಳಬಾರದು.

ಇನ್ನೊಂದು ಅತಿರೇಕ ಚಿಟ್ಟೆಯ ಹೆಸರಿನಲ್ಲಿಯೇ ನಡೆಯುತ್ತಿದೆ. 2006ರಲ್ಲಿ ಬನ್ನೇರುಘಟ್ಟದಲ್ಲಿ ಚಿಟ್ಟೆ ಉದ್ಯಾನ ಆರಂಭವಾದ ಮೇಲೆ ಸಾಮಾನ್ಯ ಜನರಲ್ಲಿಯೂ ಚಿಟ್ಟೆಗಳ ಬಗ್ಗೆ ಆಸಕ್ತಿ ಬೆಳೆದಿರುವುದು ಸಂತೋಷದ ವಿಷಯ. ಆದರೆ ಈ ಆಸಕ್ತಿ ಹಲವೆಡೆ ಹೂದೋಟದ ಆಚೆಗೆ ಹೋಗುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನಾನು ಭೇಟಿ ಕೊಟ್ಟ ಶಾಲೆಯೊಂದರಲ್ಲಿ ಚಿಟ್ಟೆಗಳಿಗೆಂದು ಬಣ್ಣಬಣ್ಣದ ಹೂಗಿಡಗಳ ಪಾತಿ ಮಾಡಿದ್ದರು. ಪಾತಿಗೆ ಜಾಗ ಮಾಡಲು ಕಾಂಪೌಂಡಿನ ಮೂಲೆಯಲ್ಲಿದ್ದ ಎಕ್ಕದ ಪೊದೆಯನ್ನು ಕಿತ್ತು ಹಾಕಿದ್ದರು. ಉದ್ದೇಶ ಒಳ್ಳೆಯದೇ, ಎಕ್ಕ ಪಾಳಿನ ಗುರುತೆಂಬ ಹಳೆಯ ನಂಬಿಕೆಯೂ, ಹೂವೇ ಚಿಟ್ಟೆಯ ಮನೆಯೆಂಬ ಹೊಸ ನಂಬಿಕೆಯೂ ಕೂಡಿ ಆ ಕೆಲಸ ಮಾಡಿದ್ದವು. ಊಟದ ಮನೆ ಕಟ್ಟಲು ಹೆರಿಗೆಯ ಮನೆ ಕೆಡವಿದಂತಾಗಿತ್ತು.

ಎಕ್ಕವಾಗಲಿ ಅದರ ಚಿಟ್ಟೆಯಾಗಲಿ ಅಳಿವಿನಂಚಿನಲ್ಲಿವೆ ಎಂದು ನಾನು ವಾದಿಸುತ್ತಿಲ್ಲ; ಎರಡೂ ಸಾಕಷ್ಟು ಸಾಮಾನ್ಯವಾಗಿವೆ. ನನ್ನ ಆತಂಕ ಇರುವುದು ಅವುಗಳ ನಂಟನ್ನು ಬಲ್ಲವರ ಬಗ್ಗೆ. ಕುರಿ ಕಾಯುವ ಬಾಲ್ಯ ಇಲ್ಲವಾಗುತ್ತಿರುವುದು ಒಳ್ಳೆಯದೇ, ಮಕ್ಕಳು ಶಾಲೆಯಲ್ಲಿರಬೇಕು. ಆದರೆ ಗೋಮಾಳದಲ್ಲಿ ಎಲೆ ಮಗುಚಿ ನೋಡಿದ ಆ ಕಣ್ಣಿನ ಅನುಭವವನ್ನು ಶಾಲೆಯೂ ಪಡೆಯಲಿಲ್ಲ, ಸಂಶೋಧನೆಯೂ ದಾಖಲಿಸಲಿಲ್ಲ. ಗಿಡ ಸಾಮಾನ್ಯವಾಗಿರುವಾಗಲೇ ಅದರ ಬಗೆಗಿನ ತಿಳಿವಳಿಕೆ ಅಪರೂಪವಾಗಬಹುದು. ಆ ನಷ್ಟವನ್ನು ತಡೆಯುವ ಕೆಲಸ ಜಾನಪದ ಸಂಶೋಧಕರದೇ.

ಹಾಗಾಗಿ ಸಸ್ಯಜಾನಪದದ ಮಾಹಿತಿಪಟ್ಟಿಗೆ ಇನ್ನು ಮೇಲೆ ಒಂದು ಕಾಲಂ ಸೇರಬೇಕು: 'ಈ ಗಿಡದ ಮೇಲೆ ಯಾರು ಬದುಕುತ್ತಾರೆ?' ಉತ್ತರವನ್ನು ವೈದ್ಯರಲ್ಲಿಯೂ ಕೇಳೋಣ, ಮಕ್ಕಳಲ್ಲಿಯೂ ಕೇಳೋಣ. ಸಸ್ಯವಿಜ್ಞಾನಿಗಳ, ಕೀಟತಜ್ಞರ ನೆರವಿನಿಂದ ಪರಿಶೀಲಿಸೋಣ. ಎಕ್ಕದಿಂದ ಆರಂಭಿಸಿ ತುಂಬೆ, ಗಿಲಿಗಿಲಿ, ಈಶ್ವರಿಬಳ್ಳಿಗಳವರೆಗೆ ಈ ಕೆಲಸ ಬಾಕಿಯಿದೆ. 'ಎಕ್ಕುಟ್ಟಿ ಹೋಗಲಿ' ಎಂಬ ಬೈಗುಳ ಹಾಗೆಯೇ ಇರಲಿ. ಅದನ್ನು ತಿದ್ದುವ ಅಧಿಕಾರ ನಮಗಿಲ್ಲ. ಆದರೆ ಎಕ್ಕ ಹುಟ್ಟಿದ ಆ ಬಿದ್ದ ಮನೆಯಲ್ಲಿ ಸಂಸಾರವೊಂದು ಮತ್ತೆ ಹೂಡಿದೆ ಎಂಬುದನ್ನು ದಾಖಲಿಸುವ ಹೊಣೆ ನಮ್ಮದು.